ಆರನೇ ನಂಬರಿನ ಮೆಹಬೂಬ್

"ಒಂದು ತೋಪಿಗೆ ಹತ್ತು ಜನ ಇದ್ವಿ ಕಣ್ರೀ. ಜಪಾನಿನೋರ ವಿಮಾನ ತಲೆ ಮೇಲೆ ಬಂದಿದ್ದೇ ತಡ, ಒಂಬತ್ತು ಜನ ಹಳ್ಳದೊಳಗೆ ಅವಿತ್ಕೊಂಡ್ರು. ನಿಂತೋನು ಇವನೊಬ್ಬ" ಎಂದು ಹೇಳಿ ಮೆಹಬೂಬ್ ತನ್ನ ಎದೆಯನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ಹುಣಸೂರಿನ ಗೋವಿಂದಯ್ಯನ ಕಾಫಿ ಹೋಟೆಲಿನಲ್ಲಿ ಈ ಮಾತು ಎರಡು ವರ್ಷ ನಡೆಯಿತು. ಮಾತು ಅದೇ, ಎದೆಯೂ ಅದೇ. ಉರುಳಿದ ವಿಮಾನಗಳ ಸಂಖ್ಯೆ ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವನು ಬರ್ಮಾದಿಂದ ಬಂದ ಹೊಸತರಲ್ಲಿ ಒಂದು ವಿಮಾನ ಬಿದ್ದಿತ್ತು. ಗೌರಿಹಬ್ಬದ ಹೊತ್ತಿಗೆ ಮೂರಾಯಿತು. ಮರುವರ್ಷದ ರಾಗಿ ಕಣದಿಂದ ಮನೆಗೆ ಬರುವಷ್ಟರಲ್ಲಿ ಏಳು. ಹೀಗೇ ಇನ್ನೊಂದು ವರ್ಷ ಬಿಟ್ಟಿದ್ದರೆ ಜಪಾನಿನವರ ಹತ್ತಿರ ರೆಕ್ಕೆಯಿರುವ ವಸ್ತು ಒಂದೂ ಉಳಿಯದೆ, ಯುದ್ಧ ಹುಣಸೂರಿನ ಆ ಹೋಟೆಲಿನಲ್ಲೇ ಮುಗಿದು, ಸಂಧಿಪತ್ರಕ್ಕೆ ಗೋವಿಂದಯ್ಯನೇ ಸಾಕ್ಷಿ ಹಾಕಬೇಕಾಗುತ್ತಿತ್ತು. ತೋಪಿನ ಸದ್ದನ್ನು ಮೆಹಬೂಬ್ ಬಾಯಲ್ಲೇ ಮಾಡಿ ತೋರಿಸಿದರೆ ಹೋಟೆಲಿನ ಹೆಂಚುಗಳು ಎರಡಂಗುಲ ಮೇಲೆದ್ದು ಮತ್ತೆ ಕೂರುತ್ತಿದ್ದವು. ಲಕ್ಷ್ಮಣತೀರ್ಥದಲ್ಲಿ ಬಟ್ಟೆ ಒಗೆಯುವವರು ಮಳೆ ಬಂತೆಂದು ಗಂಟು ಕಟ್ಟುತ್ತಿದ್ದರು.

ಮನೆಯಲ್ಲಿ ಮಾತ್ರ ಈ ಸದ್ದಿಗೆ ಬೆಲೆಯಿರಲಿಲ್ಲ. ಅವನ ಹೆಂಡತಿ ಕರೀಮುನ್ನೀಸಾ, ಏಳು ವಿಮಾನ ಉರುಳಿಸಿದವರು ಬಕ್ರೀದಿನ ದಿನ ಆಡಿನ ಕಾಲು ಹಿಡಿದುಕೊಳ್ಳಲೂ ಕಣ್ಣು ಮುಚ್ಚುತ್ತಾರೆ ಎಂದು ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದಳು. ಗಂಡನಿಗೆ ಕೇಳದಿರಲಿ ಎಂದು ಅವನ ಎಡಗಡೆ ನಿಂತು ಹೇಳುತ್ತಿದ್ದಳು. ಅವನ ಎಡಗಿವಿ ಬರ್ಮಾದಲ್ಲೇ ಉಳಿದುಹೋಗಿತ್ತು.

ಯುದ್ಧಕ್ಕೆ ಹೋಗಬೇಕಾದವನೇ ಅಲ್ಲ ಮೆಹಬೂಬ್. ಅವನ ತಂದೆ ಅಬ್ದುಲ್ ಖಾದರ್ ಸಾಹೇಬರು ಗಾಡಿಯ ಚಕ್ರ ಮಾಡುವವರು. ಅವರು ಪಟ್ಟಿ ಕಟ್ಟಿದ ಚಕ್ರ ಕೊಡಗಿನ ಘಟ್ಟ ಹತ್ತಿ ಇಳಿದು, ಎತ್ತು ಸತ್ತು, ಗಾಡಿಯವನು ಸತ್ತು, ಗಾಡಿಯ ಮೂಕಿಯೂ ಗೆದ್ದಲು ಹಿಡಿದ ಮೇಲೂ ಹೊಸದರ ಹಾಗೆ ಉರುಳುತ್ತಿತ್ತಂತೆ. ಅಂಥವರ ಮಗ ಮೆಹಬೂಬ್ ಒಂದು ಸಲ ಚಕ್ರದ ನಡುವಿನ ಗುಂಬದ ತೂತನ್ನು ಅರ್ಧ ಬೆರಳು ಓರೆಯಾಗಿ ಕೊರೆದುಬಿಟ್ಟ. ಗಾಡಿ ಕುಂಟುತ್ತಾ ಹೋದದ್ದನ್ನು ಇಡೀ ಸಂತೆ ನೋಡಿತು. ತಂದೆ ಬೈಯಲಿಲ್ಲ, ಮಗನ ಕೈಯಿಂದ ಉಳಿಯನ್ನು ಮೆಲ್ಲಗೆ ತೆಗೆದು ಗೂಡಿನಲ್ಲಿಟ್ಟರು. ಬೈದಿದ್ದರೆ ಹುಡುಗ ಊರಲ್ಲೇ ಇರುತ್ತಿದ್ದ. ಅದೇ ವಾರ ಸೈನ್ಯಕ್ಕೆ ಜನ ಸೇರಿಸುವವರು ಹುಣಸೂರಿಗೆ ಬಂದರು, ಕೆಂಪಗೆ ಕಾದ ಕಬ್ಬಿಣದ ಬಳೆಯನ್ನು ಇಕ್ಕಳದಲ್ಲಿ ಎತ್ತುತ್ತಿದ್ದ ಮೆಹಬೂಬನನ್ನು ನೋಡಿದರು, ಈತ ಬೆಂಕಿಗೆ ಹೆದರುವವನಲ್ಲ ಎಂದು ತೋಪಿನ ಪಡೆಗೆ ಬರೆದುಕೊಂಡರು. 1940ನೇ ಇಸವಿ. ಅವನಿಗೆ ಇಪ್ಪತ್ನಾಲ್ಕು ವರ್ಷ, ಮದುವೆಯಾಗಿ ಎಂಟು ತಿಂಗಳು.

ತೋಪೆಂದರೆ ಅರಮನೆಯ ಮುಂದೆ ದಸರೆಗೆ ಹಾರಿಸುವಂಥದ್ದು ಎಂದೇ ಅವನು ತಿಳಿದಿದ್ದ. ಬೊಂಬಾಯಿ ಕಡೆಯ ಬಯಲಿನಲ್ಲಿ ಅವನಿಗೆ ಕೊಟ್ಟದ್ದು ಆಕಾಶಕ್ಕೆ ಮೂತಿ ಎತ್ತಿ ನಿಲ್ಲುವ ವಿಮಾನದ ತೋಪು. ಅದರ ಸುತ್ತ ಹತ್ತು ಜನ. ಒಬ್ಬ ತಿರುಗಿಸುವವನು, ಒಬ್ಬ ಗುರಿ ಹಿಡಿಯುವವನು, ಒಬ್ಬ ಗುಂಡು ತುಂಬುವವನು, ಗುಂಡು ತಂದುಕೊಡುವವರು. ಅಲ್ಲಿ ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ಮೆಹಬೂಬ್ ಆರನೇ ನಂಬರು. ಹಿಂದುಗಡೆ ನಲವತ್ತು ಹೆಜ್ಜೆ ದೂರದ ಮರಳುಚೀಲಗಳ ಗೂಡಿನಿಂದ ಗುಂಡಿನ ಕಟ್ಟನ್ನು ಎದೆಗವಚಿ ಓಡಿ ತರುವುದು ಅವನ ಕೆಲಸ. ತಂದದ್ದನ್ನು ತೋಪಿನ ಬಾಯಿಗೆ ತುರುಕುವವನು ನಾಲ್ಕನೇ ನಂಬರು.

ನಾಲ್ಕನೇ ನಂಬರೆಂದರೆ ಚಿಕ್ಕಣ್ಣ. ಕೃಷ್ಣರಾಜನಗರದ ಹತ್ತಿರ ಹೊಂಗೆಕೊಪ್ಪಲು ಎಂಬ ನಾಲೆ ಬಯಲಿನ ಊರಿನವನು. ತಾಯಿಗೆ ಒಬ್ಬನೇ ಮಗ. ಆ ಹತ್ತು ಜನರಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ. ಉಳಿದವರು ತಮಿಳರು, ತೆಲುಗರು, ಇಬ್ಬರು ಮಲಯಾಳದವರು. ಹೀಗಾಗಿ ಊರಲ್ಲಿದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡದ ಈ ಇಬ್ಬರು ಒಂದೇ ತಟ್ಟೆಯ ಗೆಳೆಯರಾದರು, ದಿನಕ್ಕೆ ಮೂರು ಹೊತ್ತು ಜಗಳವಾಡುವಷ್ಟು.

ಜಗಳದ ಮೂಲ ಒಂದು ಅಕ್ಷರ. ಚಿಕ್ಕಣ್ಣನ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಅವನಿಗೆ ಹಸು ಅಸುವಾಗಿತ್ತು, ಹಾಲು ಆಲಾಗಿತ್ತು, ಹಬ್ಬ ಬಂದರೆ ಅಬ್ಬ ಎನ್ನುತ್ತಿದ್ದ. ಮನೆಯಲ್ಲಿ ಉರ್ದು ಆಡಿ ಬೆಳೆದ ಮೆಹಬೂಬನಿಗಾದರೋ ಹಕಾರವೆಂದರೆ ಹೊಟ್ಟೆಯಾಳದಿಂದ ಎದ್ದು ಬರಬೇಕಾದ ಅಕ್ಷರ. ನಿಮ್ಮೂರ ಕಡೆ ಹಕಾರಕ್ಕೇನು ಬರವೇ ಎಂದು ಅವನು ರೇಗಿಸಿದರೆ, ನಮ್ಮೂರಿನದನ್ನೆಲ್ಲ ಉಣಸೂರಿಗೆ ಕದ್ದೊಯ್ದವರೇ ಸಾಬರು ಎಂದು ಚಿಕ್ಕಣ್ಣ ತಿರುಗಿಸುತ್ತಿದ್ದ. ಇಷ್ಟರಲ್ಲೇ ಮುಗಿಯಬಹುದಿತ್ತು. ಆದರೆ ಚಿಕ್ಕಣ್ಣ ಗೆಳೆಯನನ್ನು 'ಮೆಬೂಬು' ಎನ್ನತೊಡಗಿದ. ಅಪ್ಪ ಇಟ್ಟ ಹೆಸರಿನ ನಡುವಿಂದಲೇ ಒಂದಕ್ಷರ ಕಿತ್ತುಹಾಕಿದ್ದು ಮೆಹಬೂಬನಿಗೆ ಸಹಿಸಲಾಗಲಿಲ್ಲ. ನೆಟ್ಟಗೆ ಕರೆಯೋದಾದರೆ ಕರಿ, ಇಲ್ಲ ಕರೀಲೇಬೇಡ ಎಂದ.

"ಬುಡ್ಲಾ ಅತ್ಲಾಗೆ. ನಿನ್ ಎಸ್ರು ನನ್ ನಾಲ್ಗೇಲಿ ನಿಲ್ಲಾಕಿಲ್ಲ, ನಿನ್ ನಂಬ್ರು ನಿಲ್ತದೆ. ಇವತ್ತಿಂದ ನೀನು ಆರು" ಎಂದ ಚಿಕ್ಕಣ್ಣ.

ಅಂದಿನಿಂದ ಅವನು ಆರೇ ಆದ. ಊಟಕ್ಕೆ ಬಾರೋ ಆರು, ಬೀಡಿ ಕೊಡೋ ಆರು, ಯಾಕ್ಲಾ ಆರು ಮುಖ ಇಳೇ ಬುಟ್ಕಂಡಿದ್ದೀಯ. ಮೆಹಬೂಬನಿಗೆ ಒಳಗೊಳಗೇ ಅದು ಹಿತವೂ ಆಗಿತ್ತು.

1941ರಲ್ಲಿ ಅವರನ್ನು ಹಡಗಿಗೆ ಏರಿಸಿದರು. ಏಳು ದಿನದ ಸಮುದ್ರ. ಮೆಹಬೂಬ್ ಕಕ್ಕಿದ ರಭಸಕ್ಕೆ ಬಂಗಾಳ ಕೊಲ್ಲಿ ಒಂದು ಗೇಣು ಏರಿ ರಂಗೂನಿನ ದಡದ ಮನೆಗಳಿಗೆ ನೀರು ನುಗ್ಗಿತೆಂದು ಚಿಕ್ಕಣ್ಣ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ರಂಗೂನಿನ ಹಡಗುಕಟ್ಟೆಯ ಪಕ್ಕದಲ್ಲಿ ಅವರ ತೋಪು ನೆಲೆಯೂರಿತು.

ಬೇರೆ ಸಿಪಾಯಿಗೆ ಶತ್ರು ಒಬ್ಬನೇ. ತೋಪಿನವನಿಗೆ ಅವನ ತೋಪೂ ಒಂದು ಶತ್ರು. ಹಿಂದಕ್ಕೆ ಒದೆಯುವಾಗ ಅಡ್ಡ ನಿಂತರೆ ಪಕ್ಕೆಲುಬು ಹೋಗುತ್ತದೆ. ಬಾಯಿ ಮುಚ್ಚುವಾಗ ಕೈ ತೆಗೆಯದಿದ್ದರೆ ಬೆರಳು ಹೋಗುತ್ತದೆ. ಗೋದಾವರಿ ಕಡೆಯ ಒಬ್ಬನ ಎರಡು ಬೆರಳು ಹಾಗೇ ಹೋದವು. ಅವನು ನೋವಿಗಿಂತ ಹೆಚ್ಚಾಗಿ, ಉಂಗುರ ಆ ಬೆರಳಲ್ಲಿತ್ತೆಂದು ಅತ್ತ. ಕಾದ ನಳಿಗೆಗೆ ಮೈ ತಾಗಿದರೆ ಚರ್ಮ ಅಲ್ಲೇ ಅಂಟಿಕೊಳ್ಳುತ್ತದೆ. ಇದೆಲ್ಲ ತಪ್ಪಿದರೂ ಸದ್ದು ತಪ್ಪುವುದಿಲ್ಲ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಹವಾಲ್ದಾರ ಹೇಳುತ್ತಲೇ ಇದ್ದ. ಹತ್ತಿ ಇಟ್ಟುಕೊಂಡರೆ ಚಿಕ್ಕಣ್ಣನ ಕುಹಕ ಕೇಳಿಸುವುದಿಲ್ಲ, ಕೇಳಿಸದಿದ್ದರೆ ತಿರುಗಿ ಕೊಡಲಾಗುವುದಿಲ್ಲ. ಮೆಹಬೂಬ್ ಹತ್ತಿ ಇಡಲಿಲ್ಲ. ಅಭ್ಯಾಸದ ಗುಂಡು ಹಾರಿಸುವಾಗಲೆಲ್ಲ ಅವನ ಎಡಗಿವಿ ತೋಪಿನ ಕಡೆಗಿರುತ್ತಿತ್ತು. ಎರಡು ತಿಂಗಳಲ್ಲಿ ಆ ಕಿವಿಯೊಳಗೆ ಜೀರುಂಡೆ ಬಂದು ಕೂತಿತು, ಮತ್ತೆ ಎದ್ದು ಹೋಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯವನ್ನು ಕಂಡುಹಿಡಿದವನು ಚಿಕ್ಕಣ್ಣ. ಕೋವಿ ಹಿಡಿದ ಸಿಪಾಯಿ ಮರದ ಮರೆಯಲ್ಲೋ ಪೊದೆಯಲ್ಲೋ ಕಾಣದ ಹಾಗೆ ಇರಬಹುದು. ತೋಪಿನವನು ಒಂದು ಗುಂಡು ಹಾರಿಸಿದನೆಂದರೆ ಬೆಂಕಿ, ಹೊಗೆ, ಸದ್ದು ಮೂರನ್ನೂ ಸೇರಿಸಿ ತಾನೆಲ್ಲಿದ್ದೇನೆಂದು ಶತ್ರುವಿಗೆ ತಾನೇ ಕೂಗಿ ಹೇಳಿದ ಹಾಗೆ. ಕಳ್ಳ ಬಂದಾಗ ಇಲ್ಲೇ ಇದ್ದೀನಿ ಬಾ ಎಂದು ಕೂಗೋ ಕೆಲಸಕ್ಕೆ ಸರ್ಕಾರ ನಮ್ಮನ್ನ ಇಟ್ಟುಕೊಂಡಿದೆ ಎಂದು ಅವನು ನಕ್ಕಿದ್ದ. ಮೆಹಬೂಬನೂ ನಕ್ಕಿದ್ದ. ಆ ಸಂಜೆ ಇಬ್ಬರೂ ಅನ್ನ ಅರ್ಧಕ್ಕೇ ಬಿಟ್ಟೆದ್ದರು.

ಡಿಸೆಂಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ ವಿಮಾನಗಳು ಬಂದವು. ಅಂದು ನಡೆದದ್ದು ಮೆಹಬೂಬನಿಗೆ ಗೊತ್ತಿದ್ದ ಮಟ್ಟಿಗೆ ಹೀಗೆ. ತೋಪು ಇಪ್ಪತ್ತು ಮೂವತ್ತು ಗುಂಡು ಹಾರಿಸಿತು, ಒಂದೂ ಯಾವ ವಿಮಾನಕ್ಕೂ ತಾಗಲಿಲ್ಲ. ಆಮೇಲೆ ಹಾರಿದ ಗುಂಡಿನ ಖಾಲಿ ತೋಟೆಯೊಂದು ಬಾಯಲ್ಲಿ ಸಿಕ್ಕಿಕೊಂಡು ತೋಪು ಕೆಟ್ಟು ನಿಂತಿತು. ಆಗ ಮೆಹಬೂಬ್ ಹಿಂದಿನ ಗೂಡಿನಲ್ಲಿ ಬಗ್ಗಿ ಗುಂಡಿನ ಕಟ್ಟು ಎತ್ತುತ್ತಿದ್ದ. ತೋಪು ಕೆಟ್ಟದ್ದು ಅವನಿಗೆ ತಿಳಿಯಲಿಲ್ಲ. ಹವಾಲ್ದಾರ ಎಲ್ಲರಿಗೂ ಕಂದಕ ಸೇರಲು ಕೂಗಿದ್ದೂ ಕೇಳಲಿಲ್ಲ. ಕಟ್ಟನ್ನು ಎದೆಗವಚಿ ತಿರುಗಿದರೆ ತೋಪಿನ ಹತ್ತಿರ ಒಬ್ಬರೂ ಇಲ್ಲ. ಕಂದಕದಿಂದ ಚಿಕ್ಕಣ್ಣನ ತಲೆ ಮಾತ್ರ ಮೇಲೆದ್ದಿತ್ತು. ಕೈ ಬೀಸಿ, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ.

"ಆರೋ! ಆರೋ! ಆರ್ಲಾ!"

ತನ್ನ ನಂಬರು. ಗುಂಡು ಬೇಕಾಗಿದೆ, ಕರೆಯುತ್ತಿದ್ದಾನೆ. ಮೆಹಬೂಬ್ ತೋಪಿನ ಹತ್ತಿರಕ್ಕೆ ಓಡಿದ. ಓಡಿ, ನಾಲ್ಕನೇ ನಂಬರು ನಿಲ್ಲಬೇಕಾದ ಕಡೆ ಗುಂಡು ಚಾಚಿ ನಿಂತ. ಚಿಕ್ಕಣ್ಣ ಕಂದಕದಿಂದ ಮೇಲೆ ಬಂದು ಅವನ ಕಡೆಗೆ ಓಡಿ ಬಂದದ್ದು ಕಂಡಿತು. ಇಸಿದುಕೊಳ್ಳಲು ಬರುತ್ತಿದ್ದಾನೆ ಎಂದುಕೊಂಡ. ಚಿಕ್ಕಣ್ಣ ಗುಂಡು ಇಸಿದುಕೊಳ್ಳಲಿಲ್ಲ, ಎಡವಿದನೋ ಏನೋ ಎನ್ನುವ ಹಾಗೆ ಇವನ ಸೊಂಟಕ್ಕೇ ಕೈ ಹಾಕಿದ. ಆಮೇಲೆ ನೆಲ ಎದ್ದು ಬಂತು.

ಕಣ್ಣು ಬಿಟ್ಟಾಗ ಮೆಹಬೂಬ್ ಕೆಳಗಿದ್ದ, ಚಿಕ್ಕಣ್ಣ ಮೇಲಿದ್ದ. ಬಹಳ ಭಾರವಾಗಿದ್ದ. ಏಳೋ ಅಂದ. ಎರಡು ಸಲ ಅಂದ. ಸೈನ್ಯದವರು ಬಂದು ಎತ್ತಿದಾಗ ಚಿಕ್ಕಣ್ಣನ ಬೆನ್ನು ಇರಲಿಲ್ಲ. ಮೆಹಬೂಬನ ಮೈಮೇಲೆ ತರಚಿದ ಗಾಯವಷ್ಟೇ. ಗುಂಡಿನ ಕಟ್ಟು ಇನ್ನೂ ತೋಳಿನಲ್ಲೇ ಇತ್ತು. ಹಾಗಿದ್ದವನನ್ನು ಕ್ಯಾಪ್ಟನ್ನು ನೋಡಿ, ಬಾಂಬು ಬೀಳುವಾಗಲೂ ತೋಪು ಬಿಟ್ಟು ಕದಲದ ಸಿಪಾಯಿ ಎಂದು ಮೂರು ಸಾಲಿನ ಕಾಗದ ಬರೆದುಕೊಟ್ಟ.

ಆ ಕಾಗದದೊಂದಿಗೆ, ಒಂದು ಕಿವಿಯೊಂದಿಗೆ ಅವನು ಮರುವರ್ಷ ಊರಿಗೆ ಬಂದ. ಸುಳ್ಳು ಹೇಳಬೇಕೆಂದು ಬಂದವನಲ್ಲ. ಗೋವಿಂದಯ್ಯ ಕಾಗದವನ್ನು ಎಲ್ಲರೆದುರು ಓದಿ, ಇಂಗ್ಲಿಷಿನ ಮೂರು ಸಾಲನ್ನು ಕನ್ನಡದಲ್ಲಿ ಮೂವತ್ತು ಸಾಲು ಮಾಡಿ, ವಿಮಾನ ಎಷ್ಟು ಬಿತ್ತು ಎಂದು ಕೇಳಿದ. ಹೋಟೆಲಿನ ತುಂಬ ಜನ ಬಾಯಿ ತೆರೆದು ಕಾಯುತ್ತಿದ್ದರು. ಒಂದೂ ಇಲ್ಲ ಎಂದು ಅಷ್ಟು ಜನರ ಮುಖಕ್ಕೆ ಹೇಳುವುದಾದರೂ ಹೇಗೆ? ಒಂದು ಎಂದ. ಚಿಕ್ಕಣ್ಣನನ್ನು ಅವನು ಬೇಕೆಂದು ಬಿಟ್ಟದ್ದಲ್ಲ. ಕತೆಯೊಳಗೆ ಒಬ್ಬ ನಿಂತುಕೊಳ್ಳುವಷ್ಟೇ ಜಾಗವಿತ್ತು. ನಿಂತುಕೊಂಡವನು ಹೇಳುತ್ತಿದ್ದವನೇ ಆದ. ಉಳಿದವರೆಲ್ಲ ಒಟ್ಟಾಗಿ 'ಒಂಬತ್ತು ಜನ'ದೊಳಗೆ ಸೇರಿಹೋದರು.

ಹೊಂಗೆಕೊಪ್ಪಲಿಗೆ ಹೋಗಿ ಚಿಕ್ಕಣ್ಣನ ತಾಯಿಯನ್ನು ಕಾಣಬೇಕೆಂದು ಅವನು ದಿನಾ ಅಂದುಕೊಳ್ಳುತ್ತಿದ್ದ. ಒಂದು ದಿನದ ದಾರಿ. ಮಳೆಗಾಲದಲ್ಲಿ ದಾರಿ ಕೆಸರು, ಬೇಸಿಗೆಯಲ್ಲಿ ಬಿಸಿಲು, ಚಳಿಗಾಲದಲ್ಲಿ ಕಿವಿನೋವು. ಹೀಗೆ ಎರಡು ವರ್ಷ ಆಯಿತು.

1944ರ ಕಾರ್ತೀಕದ ಒಂದು ದಿನ ಚಲುವಯ್ಯ ಎಂಬ ರೈತ ಗಾಡಿಯ ಚಕ್ರಕ್ಕೆ ಪಟ್ಟಿ ಹೊಡೆಸಲು ಮೆಹಬೂಬನ ಅಂಗಳಕ್ಕೆ ಬಂದ. ಕೆಲಸ ಮುಗಿದರೂ ಏಳಲಿಲ್ಲ. ಎಲೆಯಡಿಕೆ ಹಾಕಿಕೊಂಡು, ಉಗುಳಿ, ಮತ್ತೆ ಹಾಕಿಕೊಂಡ. ಕೊನೆಗೆ, ರಂಗೂನಿಗೆ ಹೋಗಿದ್ದ ಸಾಬರು ನೀವೇಯಾ ಎಂದು ಕೇಳಿದ. ಮೆಹಬೂಬ್ ಅಭ್ಯಾಸದಂತೆ ಎದೆ ತಟ್ಟಿಕೊಳ್ಳಲು ಕೈ ಎತ್ತಿದ.

"ನಾನು ಒಂಗೆಕೊಪ್ಪಲ್ನೋನು. ಸಾಕಮ್ಮನ ತಮ್ಮ. ಚಿಕ್ಕಣ್ಣನ ಸ್ವಾದರಮಾವ" ಎಂದ ಚಲುವಯ್ಯ.

ಎತ್ತಿದ ಕೈ ಎಲ್ಲಿಡಬೇಕೆಂದು ಮೆಹಬೂಬನಿಗೆ ತಿಳಿಯಲಿಲ್ಲ.

ಚಲುವಯ್ಯ ನೆಲ ನೋಡುತ್ತಾ ಹೇಳಿದ. ಹುಣಸೂರಿನ ಸಂತೆಗೆ ಬಂದವರು ಗೋವಿಂದಯ್ಯನ ಹೋಟೆಲಿನ ಕತೆಯನ್ನು ಊರಿಗೆ ಹೊತ್ತು ತಂದಿದ್ದರು. ಈ ಸಲ ಗದ್ದೆಗೆ ನೀರು ತಿರುಗಿಸಿಕೊಳ್ಳುವ ಸರದಿಯ ವಿಷಯಕ್ಕೆ ಸಾಕಮ್ಮನಿಗೂ ಪಕ್ಕದ ಗದ್ದೆಯವರಿಗೂ ಮಾತು ಬೆಳೆಯಿತು. ಸಾಕಮ್ಮ ತೂಬಿಗೆ ಅಡ್ಡ ನಿಂತಳು. ಆಗ ಆ ಗದ್ದೆಯವನು, ಮಗ ಅವಿತುಕೊಂಡು ಸತ್ತ, ತಾಯಿ ಇಲ್ಲಿ ಎದೆ ಕೊಟ್ಟು ನಿಲ್ಲುತ್ತಾಳೆ ಎಂದ. ಸಾಕಮ್ಮ ಒಂದು ಮಾತೂ ಆಡದೆ ತೂಬು ಬಿಟ್ಟು ಮನೆಗೆ ಬಂದಳು. ಗದ್ದೆ ಒಣಗುತ್ತಿದೆ. ಅಕ್ಕ ಇನ್ನು ನೀರಿಗೆ ಹೋಗುವುದಿಲ್ಲ ಎನ್ನುತ್ತಾಳೆ.

"ಕೇಳ್ಕಂಡ್ ಬಾ ಅಂದ್ಲು ನಮ್ಮಕ್ಕ. ಅವುತ್ಕಂಡ ಆ ಒಂಬತ್ತು ಜನ್ದಲ್ಲಿ ನಮ್ ಚಿಕ್ಕಣ್ಣನೂ ಇದ್ನಾ? ಇದ್ರೆ ಇದ್ದ ಅನ್ನಿ ಸಾಬ್ರೆ, ತಪ್ಪಿಲ್ಲ. ಜೀವ ಅಲ್ವಾ."

ಮೆಹಬೂಬ್, ನಾನೇ ಬಂದು ನಿಮ್ಮ ಅಕ್ಕನಿಗೆ ಹೇಳುತ್ತೇನೆ ಎಂದ. ಒಳಗಿದ್ದ ಕರೀಮುನ್ನೀಸಾ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಮರುದಿನ ಒಗೆದ ಅಂಗಿ ತೆಗೆದು ಕೊಟ್ಟಳು, ಈ ಸಲ ಅವನ ಬಲಗಡೆ ಬಂದು ನಿಂತಳು. ಹೇಳಿದ್ದು ಇಷ್ಟೇ: ಆ ತಾಯಿಯ ಮನೆಯಲ್ಲಿ ವಿಮಾನ ಉರುಳಿಸಬೇಡಿ.

ಇದ್ದಿಲು ಗ್ಯಾಸಿನ ಬಸ್ಸು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿದ್ದ ಕಾಲ. ಏರು ಬಂದಾಗ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು, ಇಳಿಜಾರಿನಲ್ಲಿ ಓಡಿ ಹಿಡಿಯಬೇಕು; ಟಿಕೆಟ್ಟು ಕೊಂಡವನು ನಡೆದೇ ಬಂದವನಿಗಿಂತ ಹೆಚ್ಚು ದಣಿಯುತ್ತಿದ್ದ. ಹೆಂಡತಿಯ ಮಾತು ಕೇಳಿಯೂ ಮೆಹಬೂಬ್ ದಾರಿಯುದ್ದಕ್ಕೂ ಒಂದು ಸುಳ್ಳು ಕಟ್ಟಿದ. ಒಳ್ಳೆಯ ಸುಳ್ಳು. ತಾಯಿಗೆ ಒಪ್ಪುವಂಥದ್ದು. ಮೊದಲ ಏರಿನಲ್ಲಿ ಚಿಕ್ಕಣ್ಣ ಒಬ್ಬನೇ ತೋಪಿನ ಹತ್ತಿರ ನಿಂತ. ಎರಡನೆಯ ಏರಿನಲ್ಲಿ ನಾಲ್ಕು ವಿಮಾನ ಉರುಳಿಸಿದ. ಬಸ್ಸು ಕೃಷ್ಣರಾಜನಗರ ಮುಟ್ಟುವಷ್ಟರಲ್ಲಿ ಚಿಕ್ಕಣ್ಣ ಒಂಬತ್ತು ವಿಮಾನ ಉರುಳಿಸಿ, ಹತ್ತನೆಯದಕ್ಕೆ ಗುರಿಯಿಟ್ಟಾಗ ವೀರನ ಹಾಗೆ ಬಿದ್ದಿದ್ದ. ತನ್ನ ಏಳು ವಿಮಾನಕ್ಕಿಂತ ಎರಡು ಹೆಚ್ಚೇ ಕೊಟ್ಟಿದ್ದೇನಲ್ಲ ಎಂದು ಮೆಹಬೂಬನಿಗೆ ಸಮಾಧಾನವೂ ಆಯಿತು. ಸತ್ಯದ ಕಡೆ ಅವನು ತಿರುಗಲಿಲ್ಲ. ತೋಪು ಕೆಟ್ಟಿತ್ತು, ನಿನ್ನ ಮಗ ಯಾರಿಗೂ ಉಪಯೋಗವಿಲ್ಲದ ಗುಂಡು ಇಸಿದುಕೊಳ್ಳಲು ಬಂದು ಸತ್ತ ಎಂದು ಹೇಳುವುದಕ್ಕಿಂತ ಇದೇ ಮೇಲಲ್ಲವೇ?

ಹೊಂಗೆಕೊಪ್ಪಲಿಗೆ ಬಯಲಿನ ನಡುವೆ ಕಾಲುದಾರಿ. ಊರಿನ ಹತ್ತಿರ ಸಣ್ಣ ನಾಲೆ ಅಡ್ಡ ಬಂತು. ಅದರ ಮೇಲೆ ಹಾಕಿದ್ದ ಮರದ ದಿಮ್ಮಿಯ ಸಂಕ ಮುರಿದು ನೀರಿಗೆ ಬಿದ್ದಿತ್ತು. ಆಚೆ ದಡದಲ್ಲಿ ನರೆತ ತಲೆಯ ಹೆಂಗಸೊಬ್ಬಳು ಕುಡುಗೋಲು ಹಿಡಿದು ಹಸುವಿಗೆ ಹುಲ್ಲು ಕುಯ್ಯುತ್ತಿದ್ದಳು. ಇವನನ್ನು ನೋಡಿ ಸೊಂಟ ನೆಟ್ಟಗೆ ಮಾಡಿದಳು. ಟೋಪಿ ನೋಡಿಯೋ ಏನೋ, ಚಿಕ್ಕಣ್ಣನ ಜೊತೆಗಿದ್ದವನು ನೀನೇಯಾ, ನಾನೇ ಸಾಕಮ್ಮ, ನಮ್ಮ ಚಲುವಯ್ಯ ಹೇಳಿದ್ದ ಎಂದಳು. ಮೆಹಬೂಬ್ ಕೈ ಮುಗಿದು ನೀರು ನೋಡುತ್ತಾ ನಿಂತ. ಆಕೆ ಕೈ ಬೀಸಿದಳು.

"ಆರು! ಆರು ಕಣಪ್ಪಾ, ಆರು!"

ಮೆಹಬೂಬ್ ತಲೆಯೆತ್ತಿದ. ತನ್ನ ನಂಬರು ಈ ತಾಯಿಗೆ ಹೇಗೆ ಗೊತ್ತಾಯಿತು? ಮಗ ಯಾರ ಕೈಯಲ್ಲೋ ಕಾಗದ ಬರೆಸಿದ್ದಾನೆ. ಆರು ಎಂಬ ಗೆಳೆಯನಿದ್ದಾನೆಂದು ಬರೆಸಿದ್ದಾನೆ. ಹೌದಮ್ಮ, ಆರೇ, ನಾನೇ ಆರು ಎಂದು ಈಚೆ ದಡದಿಂದ ಕೂಗಿ ಹೇಳಿದ.

"ನಿಂತ್ಕಂಡ್ ಅದೇನ್ ಎಣಿಸ್ತಿದ್ದೀಯಪ್ಪ? ಸಂಕ ಮುರುದೋಗದೆ, ಆರು ಅಂದ್ರೆ!" ಎಂದವಳೇ ಸಾಕಮ್ಮ, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ಎರಡು ಹೆಜ್ಜೆ ಹಿಂದೆ ಹೋಗಿ, ಅರವತ್ತು ವರ್ಷದ ಕಾಲಿನಲ್ಲಿ ಒಂದೇ ನೆಗೆತಕ್ಕೆ ನಾಲೆ ದಾಟಿ ಇವನ ಪಕ್ಕ ಬಂದು ಇಳಿದಳು. "ಇಂಗೆ. ಇಂಗ್ ಆರ್ಬೇಕು."

ಮೆಹಬೂಬ್ ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟ.

ಹಾರು. ಹಳ್ಳಕ್ಕೆ ಹಾರು. ಅಂದು ಕಂದಕದಿಂದ ತಲೆಯೆತ್ತಿ ಚಿಕ್ಕಣ್ಣ ಕೂಗಿದ್ದು ಅದು. ಗುಂಡು ಕೇಳಿದ್ದಲ್ಲ, ನಂಬರು ಕರೆದದ್ದಲ್ಲ. ಬಾಂಬು ಬರುತ್ತಿದೆ, ಇಲ್ಲಿಗೆ ಹಾರು. ಮತ್ತೆ ಇವನು ಹಾರದೆ ತೋಪಿನ ಕಡೆಗೆ ಓಡಿದ್ದನ್ನು ನೋಡಿ, ಇದ್ದ ಸುರಕ್ಷಿತ ಜಾಗ ಬಿಟ್ಟು ಬಂದು ಸೊಂಟಕ್ಕೆ ಕೈ ಹಾಕಿದ. ಬಸ್ಸಿನಲ್ಲಿ ಕಟ್ಟಿದ್ದ ಒಂಬತ್ತು ವಿಮಾನಗಳೂ ಒಟ್ಟಿಗೇ ನೆಲಕ್ಕಿಳಿದು ಎಲ್ಲೋ ಮಾಯವಾದವು.

ಸಾಕಮ್ಮ ಬಿಸಿಲಿಗೆ ತಲೆ ತಿರುಗಿತೆಂದುಕೊಂಡು ನಾಲೆಯ ನೀರನ್ನು ಬೊಗಸೆಯಲ್ಲಿ ತಂದು ಕೊಟ್ಟಳು. ಅವನು ಕುಡಿಯಲಿಲ್ಲ. ಮನೆಯ ತನಕ ಹೋಗುವ ಧೈರ್ಯವೂ ಅವನಿಗಿರಲಿಲ್ಲ, ಅಲ್ಲೇ ಹೇಳಿದ. ತೋಪು ಕೆಟ್ಟದ್ದು, ಹವಾಲ್ದಾರ ಕೂಗಿದ್ದು ತನಗೆ ಕೇಳದೇ ಹೋದದ್ದು, ಹೆಸರಿಗಾಗಿ ಜಗಳವಾಡಿದ್ದು, ಅದರಿಂದ ತಾನು ಆರು ಆದದ್ದು, ಕೊನೆಗೆ ಅದೇ ಮಾತು ಎರಡು ಅರ್ಥವಾದದ್ದು. ಒಂದು ವಿಮಾನವೂ ಬೀಳಲಿಲ್ಲ ಎಂದ. ತಾನು ಧೈರ್ಯದಿಂದ ನಿಂತದ್ದಲ್ಲ, ನಿನ್ನ ಮಗನ ಮಾತು ತಿಳಿಯದೆ ನಿಂತದ್ದು ಎಂದ.

ಸಾಕಮ್ಮ ಪಕ್ಕದಲ್ಲಿ ಕೂತು ಹುಲ್ಲಿನ ಒಂದೆಳೆಯನ್ನು ಸೀಳಿದಳು.

"ಅವನು ಅಳ್ಳದೊಳಗೇ ಇದ್ನಾ?" ಎಂದಳು.

"ಇದ್ದ."

"ಅಲ್ಲೇ ಇದ್ದಿದ್ರೆ?"

"ಉಳೀತಿದ್ದ. ಮಿಕ್ಕ ಎಂಟು ಜನವೂ ಉಳಿದ್ರು."

"ನಿನ್ ಎಳ್ಕಳಕ್ಕೇ ಬಂದ್ನಾ?"

"ನನಗೋಸ್ಕರವೇ ಬಂದ."

ಆಕೆ ಅಳಲಿಲ್ಲ. ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ಚಿಕ್ಕಣ್ಣ ಅಕ್ಷರ ಕಲಿಯಲು ಐಗಳ ಮಠಕ್ಕೆ ಹೋಗುತ್ತಿದ್ದಾಗ ಐಗಳು ಹಕಾರ ಅನ್ನಿಸಬೇಕೆಂದು ಬೆರಳಗಂಟಿನ ಮೇಲೆ ಹೊಡೆಯುತ್ತಿದ್ದರು. ಮಗು ಊದಿದ ಕೈ ತೋರಿಸಿ ಅತ್ತಿತು. ಆಗ ತಾನೇ ಹೋಗಿ ಐಗಳೊಡನೆ ಜಗಳವಾಡಿ ಮಗನನ್ನು ಬಿಡಿಸಿಕೊಂಡು ಬಂದಿದ್ದಳು.

"ಒಂದಕ್ಸರ ತಾನೆ, ಓದ್ರೆ ಓಗ್ಲಿ ಬುಡಿ ಅಂದಿದ್ದೆ" ಎಂದಳು ಸಾಕಮ್ಮ.

ನಾಲೆಯಲ್ಲಿ ನೀರು ಹೋಗುತ್ತಲೇ ಇತ್ತು. ಬಾಯಲ್ಲಿ ಏಳು ವಿಮಾನ ಇಟ್ಟುಕೊಂಡು ಎರಡು ವರ್ಷ ಮಾತಾಡಿದವನು ಕೇಳಿಕೊಂಡದ್ದು ಒಂದೇ. ಬೈದುಬಿಡಿ ಅಮ್ಮ ಎಂದ. ಬೈದು ಏನು ಬರುತ್ತದೆ ಎಂದಳು. ಆಮೇಲೆ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಎದ್ದು ನಿಂತಳು.

"ನಂಗ್ ಗೊತ್ತಾಯ್ತು, ಅಷ್ಟ್ ಸಾಲ್ದು. ಆ ಮಾತು ಉಣಸೂರಲ್ಲಿ ಉಟ್ತು, ಅಲ್ಲಿಂದ ನಮ್ಮೂರ್ ತೂಬಿನ್ ತಂಕ ಬಂತು. ಇದೂ ಅಲ್ಲಿಂದ್ಲೇ ಬರ್ಬೇಕು. ಏಳು."

ಮೆಹಬೂಬ್ ಅರ್ಧ ಎದ್ದವನು ಅಲ್ಲೇ ತಡೆದ. ಒಂದು ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು ಅವನು ಕಲಿತು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. "ಅಮ್ಮ, ಎದ್ದೇಳು ಅಂದ್ರಾ, ಹೇಳು ಅಂದ್ರಾ?" ಎಂದು ಕೇಳಿದ.

"ಎರಡೂವೆ" ಎಂದಳು ಸಾಕಮ್ಮ.

ಮುಂದಿನ ಸಂತೆಯ ದಿನ ಗೋವಿಂದಯ್ಯನ ಹೋಟೆಲು ಎಂದಿನಂತೆ ತುಂಬಿತ್ತು. ಹೊಂಗೆಕೊಪ್ಪಲಿನಿಂದ ಚಲುವಯ್ಯ ಬಂದಿದ್ದ, ಜೊತೆಗೆ ಪಕ್ಕದ ಗದ್ದೆಯವನನ್ನೂ ಹೊಗೆಸೊಪ್ಪಿನ ಆಸೆ ತೋರಿಸಿ ಕರೆತಂದಿದ್ದ. ಮೆಹಬೂಬ್ ಬಾಗಿಲಲ್ಲಿ ಕಂಡೊಡನೆ ಗೋವಿಂದಯ್ಯ ಕಾಫಿಯ ಪಾತ್ರೆಯನ್ನು ದೊಡ್ಡ ಒಲೆಗೆ ಏರಿಸಿದ. ಈ ಕತೆ ನಡೆಯುವ ದಿನ ಜನ ಎರಡೆರಡು ಲೋಟ ಕುಡಿಯುತ್ತಿದ್ದರು.

ಮೆಹಬೂಬ್ ಕೂರಲಿಲ್ಲ. ನಿಂತೇ ಹೇಳಿದ. ಹೋಟೆಲಿನ ಹೆಂಚು ಅಂದು ಅಲುಗಲಿಲ್ಲ, ನದಿಯ ಹತ್ತಿರ ಯಾರೂ ಬಟ್ಟೆ ಎತ್ತಲಿಲ್ಲ. ಚಿಕ್ಕಣ್ಣ ಯಾರು, ಎಲ್ಲಿಯವನು, ಅವನ ತಾಯಿ ಯಾರು ಎಂಬಲ್ಲಿಂದ ಶುರುಮಾಡಿ, ಆ ಒಂದು ಮಾತು ಹೇಗೆ ಎರಡಾಯಿತೆಂಬಲ್ಲಿಗೆ ಬಂದ. ಹಳ್ಳದಲ್ಲಿ ಅವಿತವರು ಎಂದು ತಾನು ಹೀಯಾಳಿಸಿದ ಜನ ಹವಾಲ್ದಾರನ ಹುಕುಂ ಪಾಲಿಸಿದವರು ಎಂದ. ಆ ಹುಕುಂ ಮೀರಿ ಹೊರಗೆ ಬಂದವನು ಒಬ್ಬನೇ, ಅವನು ಚಿಕ್ಕಣ್ಣ, ತಾನು ಬದುಕಿರುವುದು ಅವನ ಬೆನ್ನಿನ ಕೆಳಗಿದ್ದದ್ದರಿಂದ ಎಂದ. ಮೂಲೆಯಲ್ಲಿದ್ದ ಪಕ್ಕದ ಗದ್ದೆಯವನು ಲೋಟ ಕೆಳಗಿಟ್ಟು ಹೊರಗೆ ನೋಡತೊಡಗಿದ. ಚಲುವಯ್ಯ ಟವಲಿನಿಂದ ಮುಖ ಒರೆಸಿಕೊಂಡು, ಕಣ್ಣೀರೇನಲ್ಲ, ಬೆವ್ರು ಎಂದು ಪಕ್ಕದವನಿಗೆ ಹೇಳಿದ.

ಒಳ್ಳೆಯ ಕತೆಯೊಂದು ಕೈಬಿಟ್ಟು ಹೋದದ್ದು ಎಲ್ಲರಿಗೂ ಕಷ್ಟವಾಗಿತ್ತು. ಹೆಚ್ಚು ಕಷ್ಟವಾದದ್ದು ಗೋವಿಂದಯ್ಯನಿಗೆ. ದೊಡ್ಡ ಒಲೆಯ ಮೇಲೆ ಪಾತ್ರೆ ತುಂಬ ಕಾಫಿ ಕುದಿಯುತ್ತಿತ್ತು.

"ಅಲ್ಲಯ್ಯ ಸಾಬಿ, ಏಳು ವಿಮಾನ ಅಂದಿದ್ದೆ" ಎಂದ ಗೋವಿಂದಯ್ಯ.

"ಒಂದೂ ಬೀಳಲಿಲ್ಲ."

"ಹಾಗಾದ್ರೆ ನೀನು ಶೂರನಲ್ಲ, ಬರೀ ಕಿವುಡ. ಕಿವಿ ಕೇಳದೇ ಇದ್ದದ್ದಕ್ಕೆ ಸರ್ಕಾರದೋರು ನಿನಗೆ ಕಾಗದ ಬರೆದುಕೊಟ್ರು ಅಂದ ಹಾಗಾಯ್ತು."

ಹೋಟೆಲಿನಲ್ಲಿ ನಗು ಎದ್ದಿತು. ಮೆಹಬೂಬ್ ಅದು ಇಳಿಯುವ ತನಕ ಕಾದ. ಆಮೇಲೆ ಕೇಳಲೆಂದು ಗೋವಿಂದಯ್ಯನ ಕಡೆಗಿಟ್ಟಿದ್ದ ಬಲಗಿವಿಯನ್ನು ಅತ್ತ ತಿರುಗಿಸಿ, ಅವನ ಮುಖ ನೆಟ್ಟಗೆ ನೋಡಿ ಹೇಳಿದ:

"ಸರಿ ಕಣ್ರೀ. ಒಂದು ಕಿವಿ ಇಟ್ಕೊಂಡು ನಾನು ಒಂದು ದಿನ, ಒಂದೇ ಒಂದು ಮಾತು ತಪ್ಪು ಕೇಳಿಸ್ಕೊಂಡೆ, ಅದಕ್ಕೆ ಕಾಗದ ಕೊಟ್ರು. ನೀವು ಎರಡು ಕಿವಿ ನೆಟ್ಟಗಿಟ್ಕೊಂಡು ಎರಡು ವರ್ಷ ನನ್ನ ಸುಳ್ಳು ಕೇಳಿದ್ರಲ್ಲ, ನಿಮಗೇನು ಕೊಡೋಣ?"